ಕೆರೆ ಪಕ್ಕದ ಸೈಟು: ನೀರಿನ ಭಯಕ್ಕೆ ಎಷ್ಟು ಚೌಕಾಸಿ ಮಾಡಬಹುದು?

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ, ಕೆರೆಗೆ ಹತ್ತಿರ 30×40 ಸೈಟು. ಖಾತೆ ಇದೆ, ಬ್ಯಾಂಕ್ ಸಾಲ ಕೊಡುತ್ತೆ, ಮಳೆಗಾಲದ ಭಯಕ್ಕೆ ಚದರಡಿಗೆ ಎಷ್ಟು ಇಳಿಸಿ ಕೇಳಬಹುದು ಅಂತ ನಿಮ್ಮ ಪ್ರಶ್ನೆ. ಒಂದು ಕಾಲಕ್ಕೆ ನನ್ನ ತಲೆಯಲ್ಲೂ ಇದೇ ಲೆಕ್ಕ ಓಡುತ್ತಿತ್ತು. ಈಗ ನೇರವಾಗಿ ಹೇಳುತ್ತೇನೆ, ಚೌಕಾಸಿ ಆಮೇಲಿನ ಮಾತು. ಮನೆಯೊಳಗೆ ನೀರು ಬರುವುದು ಒಂದು ಅಪಾಯ, ಅದಕ್ಕೆ ಬೆಲೆ ಕಟ್ಟಬಹುದು. ಕಟ್ಟಲು ಹಕ್ಕೇ ಇಲ್ಲದ ನೆಲ ಕೊಳ್ಳುವುದು ಇನ್ನೊಂದು, ಅದಕ್ಕೆ ಯಾವ ರಿಯಾಯಿತಿಯೂ ಸಾಲದು.

ಮೊದಲು ನೀರಿನ ವಿಷಯ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ತಂದದ್ದು ನೆನಪಿರಬೇಕು. ಮಳೆನೀರು ಕೊಯ್ಲಿಗೆ, ಇಂಗುಬಾವಿಗಳಿಗೆ ಹೆಸರಾದ ಬಡಾವಣೆ ಅದು. ಆದರೂ ಮುಳುಗಿತು, ಯಾಕೆಂದರೆ ಅದು ಇರುವುದು ಹಾಲನಾಯಕನಹಳ್ಳಿ ಕೆರೆಗೂ ಸೌಳ್ ಕೆರೆಗೂ ನಡುವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಆ ದಾರಿಯಲ್ಲೇ ಇಳಿದು ಸೌಳ್ ಕೆರೆ, ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಬೇಕು. ನಮ್ಮ ಅಂಗಳದ ಮಳೆಯನ್ನು ನಾವು ಇಂಗಿಸಬಹುದು, ಕೆರೆಯ ಕೋಡಿಯನ್ನು ಇಂಗಿಸಲಾಗದು. ಹಾಗಾಗಿ ಸೈಟು ನೋಡುವಾಗ ಕೆರೆ ಎಷ್ಟು ದೂರ ಅಂತ ಕೇಳುವುದಕ್ಕಿಂತ, ಮೇಲಿನ ಕೆರೆಯ ಕೋಡಿ ಎಲ್ಲಿದೆ, ಅಲ್ಲಿಂದ ನೀರು ಯಾವ ದಾರಿ ಹಿಡಿಯುತ್ತದೆ ಅಂತ ಕೇಳಿ. ಏಜೆಂಟರನ್ನಲ್ಲ, ಹಾಲು ಹಾಕುವವರನ್ನು, ಪಕ್ಕದ ಬಡಾವಣೆಯ ವಾಚ್‌ಮನ್‌ನನ್ನು ಕೇಳಿ. 2022ರಲ್ಲಿ ನೀರು ಎಷ್ಟನೇ ಮೆಟ್ಟಿಲವರೆಗೆ ಬಂದಿತ್ತು ಅಂತ ಅವರು ಕೈಯಿಂದಲೇ ತೋರಿಸುತ್ತಾರೆ.

ಇನ್ನು ಎರಡನೆಯದು, ಕಟ್ಟುವ ಹಕ್ಕು. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿ ನಗರದಲ್ಲಿ ಆಗಿನ ಪಾಲಿಕೆ ಬಿಬಿಎಂಪಿ ರಾಜಕಾಲುವೆ (ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುವ ಕಾಲುವೆ) ಒತ್ತುವರಿ ತೆರವಿಗೆ ಜೆಸಿಬಿ ತಂದಾಗ, ಮನೆ ಕಳೆದುಕೊಂಡ ಹಲವರ ಕೈಯಲ್ಲಿ ನೋಂದಣಿ ಪತ್ರ, ಖಾತೆ, ತೆರಿಗೆ ರಸೀದಿ, ಬ್ಯಾಂಕಿನ ಸಾಲಪತ್ರ ಎಲ್ಲವೂ ಇದ್ದವು. ಎಲ್ಲರೂ ಎಡವುವ ತಪ್ಪು ಇಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಕೀಲರು 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾರೆ, ಮದರ್ ಡೀಡ್ (ಹಳೆಯ ಮೂಲ ಕ್ರಯಪತ್ರ) ನೋಡುತ್ತಾರೆ, 'ಟೈಟಲ್ ಕ್ಲಿಯರ್' ಅಂತ ಅಭಿಪ್ರಾಯ ಬರೆದುಕೊಡುತ್ತಾರೆ. ಆ ಪತ್ರಗಳು ಹೇಳುವುದು ಯಾರು ಯಾರಿಗೆ ಮಾರಿದರು, ಯಾರು ಅಡವಿಟ್ಟರು ಅನ್ನುವುದನ್ನು ಮಾತ್ರ. ಕಾಲುವೆಯನ್ನು ಯಾರೂ ಮಾರಿಲ್ಲ, ಅಡವಿಟ್ಟಿಲ್ಲ, ಹಾಗಾಗಿ ಅದು ಇ.ಸಿ.ಯಲ್ಲಿ ಬರುವುದೇ ಇಲ್ಲ. ಬಫರ್ ವಲಯವೂ, ಅಂದರೆ ಕೆರೆ, ಕಾಲುವೆಯ ಪಕ್ಕ ಕಟ್ಟದೆ ಬಿಡಬೇಕಾದ ಪಟ್ಟಿಯೂ ಅಷ್ಟೇ, ಅದು ವಹಿವಾಟಲ್ಲ. ಬ್ಯಾಂಕಿನ ವಕೀಲರು ನೋಡುವುದೂ ಹೆಚ್ಚಾಗಿ ಇದೇ ಕಾಗದದ ಕಟ್ಟನ್ನು. ಸಾಲ ಸಿಕ್ಕಿತು ಅಂದರೆ ಬ್ಯಾಂಕಿಗೆ ನಿಮ್ಮ ಸಂಬಳದ ಮೇಲೆ ನಂಬಿಕೆ ಇದೆ ಎಂದಾಯಿತೇ ಹೊರತು ನೆಲ ಸುರಕ್ಷಿತ ಎಂದಲ್ಲ.

ಕಾಲುವೆ ಇರುವುದು ಗ್ರಾಮ ನಕ್ಷೆಯಲ್ಲಿ. ಕಂದಾಯ ಇಲಾಖೆಯ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಿ, ನಿಮ್ಮ ಸರ್ವೆ ನಂಬರ್ ಹುಡುಕಿ, ಕೆರೆಯಿಂದ ಕೆರೆಗೆ ಹೋಗುವ ಹಳ್ಳದ ಗೆರೆಯನ್ನು ಬೆರಳಿಟ್ಟು ಹಿಂಬಾಲಿಸಿ. ಸರ್ಕಾರದ ದಿಶಾಂಕ್ ಆ್ಯಪ್ ಹಿಡಿದು ಸೈಟಿನ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ, ಆದರೆ ಗಡಿಯ ವಿಷಯದಲ್ಲಿ ಅದೊಂದನ್ನೇ ನಂಬಬೇಡಿ. ನಕ್ಷೆಯಲ್ಲಿ ಪೆನ್ಸಿಲ್ ಗೆರೆಯ ದಪ್ಪವೇ ನೆಲದ ಮೇಲೆ ಹಲವು ಅಡಿ ಆಗುತ್ತದೆ. ಖಚಿತ ಅಳತೆ ಬೇಕಾದರೆ ಸರ್ವೆ ಇಲಾಖೆಯ ಹಳೆಯ ಅಳತೆ ದಾಖಲೆಗಳಾದ ಮೂಲ ಟಿಪ್ಪಣಿ, ಆಕಾರಬಂದ್ ತೆಗೆಸಿ, ಹದ್ದುಬಸ್ತಿಗೆ (ಸರ್ಕಾರಿ ಸರ್ವೇಯರ್ ಬಂದು ಗಡಿ ಗುರುತಿಸುವುದಕ್ಕೆ) ಅರ್ಜಿ ಹಾಕಿಸಿ.

ಪಹಣಿ (ಜಮೀನಿನ ಆರ್‌ಟಿಸಿ) ಕೈಗೆ ಸಿಕ್ಕರೆ ಎರಡು ಕಡೆ ಕಣ್ಣಿಡಿ. ಒಂದು, ವಿಸ್ತೀರ್ಣದ ಕಾಲಂನಲ್ಲಿ ಬರುವ ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ನೆಲ. 'ಬಿ' ಖರಾಬು ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ನೆಲ. 2 ಎಕರೆ ಸರ್ವೆ ನಂಬರಿನಲ್ಲಿ 6 ಗುಂಟೆ 'ಬಿ' ಖರಾಬು ಇದ್ದರೆ, ಗುಂಟೆಗೆ 1089 ಚದರಡಿಯಂತೆ ಅದು 6534 ಚದರಡಿ, ಅಂದರೆ ಐದು ಸೈಟಿಗಿಂತ ಹೆಚ್ಚು. ಲೇಔಟ್ ನಕ್ಷೆಯಲ್ಲಿ ಆ ಆರು ಗುಂಟೆ ಎಲ್ಲಿ ಹೋಯಿತು ಅಂತ ಮಾರುವವರು ತೋರಿಸಬೇಕು. ಎರಡು, ಜಮೀನು ಖುಷ್ಕಿಯೋ (ಮಳೆ ನಂಬಿದ ಒಣಭೂಮಿ) ತರಿಯೋ (ನೀರಾವರಿ ಭೂಮಿ). ತರಿ ಅಂತಿದ್ದರೆ ಅದು ಹಿಂದೆ ಗದ್ದೆ, ಬಹುಮಟ್ಟಿಗೆ ಕೆರೆ ನೀರು ಉಣ್ಣುತ್ತಿದ್ದ ಅಚ್ಚುಕಟ್ಟು. ತೂಬಿನ ನೀರು ತಾನಾಗಿ ಹರಿದು ಬರುತ್ತಿದ್ದ ತಗ್ಗು ಅದು, ಮಣ್ಣು ತುಂಬಿಸಿದ ಮಾತ್ರಕ್ಕೆ ನೀರಿನ ದಾರಿ ಬದಲಾಗುವುದಿಲ್ಲ. ಭೂಪರಿವರ್ತನೆಗೆ ಮುಂಚಿನ ಹಳೆಯ ಪಹಣಿಯನ್ನೇ ಕೇಳಿ.

ಅಳತೆಗೆ ಬರೋಣ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಬಫರ್ ಅಂದಿತ್ತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬೆಂಗಳೂರಿನ 'ಮಾಸ್ಟರ್ ಪ್ಲಾನ್ 2015'ರ ಪ್ರಕಾರ ಕೆರೆಗೆ 30 ಮೀಟರ್, ಕಾಲುವೆಯ ನಡುಗೆರೆಯಿಂದ ಪ್ರೈಮರಿಗೆ (ದೊಡ್ಡ ಕಾಲುವೆ) 50, ಸೆಕೆಂಡರಿಗೆ (ಮಧ್ಯಮ) 25, ಟರ್ಶಿಯರಿಗೆ (ಚಿಕ್ಕದು) 15 ಮೀಟರ್. ಇದರಲ್ಲಿ ಬದಲಾವಣೆಯ ಮಾತು ಮತ್ತೆ ಮತ್ತೆ ಬರುತ್ತಿರುತ್ತದೆ, ಅದಕ್ಕೇ ಕೊಳ್ಳುವ ದಿನದ ನಿಯಮವನ್ನು ಯೋಜನಾ ಪ್ರಾಧಿಕಾರದಿಂದ ಬರಹದಲ್ಲಿ ತೆಗೆದುಕೊಳ್ಳಿ. ಆ ಲೆಕ್ಕದಲ್ಲಿ ಸೆಕೆಂಡರಿ ಕಾಲುವೆಯ 25 ಮೀಟರ್ ಅಂದರೆ 82 ಅಡಿ. ನಡುಗೆರೆಯಿಂದ ನಿಮ್ಮ ಹಿಂದಿನ ಗಡಿಗೆ 70 ಅಡಿ ಇದ್ದರೆ, 40 ಅಡಿ ಉದ್ದದ ಸೈಟಿನಲ್ಲಿ 12 ಅಡಿ ಕಟ್ಟುವಂತಿಲ್ಲ. ನಡುಗೆರೆಯನ್ನು ಈಗ ಕಾಣುವ ಮೂರಡಿ ಮೋರಿಯಿಂದ ಅಳೆದರೆ ಮೋಸ ಹೋಗುತ್ತೀರಿ. ಒತ್ತುವರಿಯಾದ ಕಾಲುವೆ ಒಂದು ಬದಿಗೆ ಸರಿದಿರುತ್ತದೆ, ಸರ್ವೆ ನಕ್ಷೆಯ ಕಾಲುವೆಯಿಂದಲೇ ಅಳೆಯಬೇಕು.

ಇಷ್ಟೂ ದಾಟಿದರೆ ಮಾತ್ರ ಮಣ್ಣು, ನೀರು. ಐದಾರು ಅಡಿ ಗುಂಡಿ ತೆಗೆಸಿ. ಇಟ್ಟಿಗೆ ಚೂರು, ಪ್ಲಾಸ್ಟಿಕ್, ಅದರ ಕೆಳಗೆ ಕಪ್ಪು ಹೂಳು ಸಿಕ್ಕರೆ ಅದು ತುಂಬಿಸಿದ ನೆಲ. ಮಾಮೂಲಿ ಪಾಯ ಒಂದು ಕಡೆ ಕುಸಿದು ಗೋಡೆ ಬಿರುಕು ಬಿಡುತ್ತದೆ, ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರ್ ಹೇಳಿದಷ್ಟು ಆಳಕ್ಕೆ ಹೋಗಬೇಕು. ಪಕ್ಕದ ಬೋರಿನ ನೀರನ್ನು ಲ್ಯಾಬಿಗೆ ಕೊಡಿ: ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ದಾಟಿದ್ದರೆ ಒಳಚರಂಡಿ ನೀರು ಇಂಗುತ್ತಿರುವ ಅನುಮಾನ ಇಟ್ಟುಕೊಳ್ಳಿ, ಫ್ಲೋರೈಡ್ 1.5 ಮಿಲಿಗ್ರಾಂ ಒಳಗೆ ಇರಲಿ. ಪೀಣ್ಯದಂಥ ಹಳೆಯ ಕೈಗಾರಿಕಾ ಪ್ರದೇಶದ ಸುತ್ತ ಕ್ರೋಮಿಯಂ ಪರೀಕ್ಷೆಯನ್ನೂ ಬಿಡಬೇಡಿ. ಮನೆ ಕಟ್ಟುವಾಗ ಚರಂಡಿ ಪೈಪಿಗೆ ನಾನ್ ರಿಟರ್ನ್ ವಾಲ್ವ್ (ನೀರು ವಾಪಸ್ ಬರದಂತೆ ತಡೆಯುವ ಕವಾಟ) ಹಾಕಿಸಿ, ಸಂಪಿನ ಬಾಯಿ ರಸ್ತೆಗಿಂತ ಎತ್ತರಕ್ಕಿರಲಿ. ನೆರೆಯಲ್ಲಿ ಕೊಳಚೆ ಬರುವುದು ಬಾಗಿಲಿಗಿಂತ ಮೊದಲು ಶೌಚಾಲಯದ ಮೂಲಕ.

ವಿಮೆ ಇದೆಯಲ್ಲ ಅನ್ನಬೇಡಿ. ನೆರೆಯಿಂದಾದ ಹಾನಿಗೆ ಮನೆ ವಿಮೆ ದುಡ್ಡು ಕೊಡಬಹುದು, ಸರ್ಕಾರ ಒಡೆಸಿದ ಗೋಡೆಗೆ ಕೊಡುವುದಿಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಕರಾರಿನಲ್ಲಿ ಒಂದು ಷರತ್ತು ಬರೆಸಿ: ಹದ್ದುಬಸ್ತು ಅಳತೆಯಲ್ಲಿ ಸೈಟಿನ ಯಾವುದೇ ಭಾಗ ಖರಾಬು ಅಥವಾ ಬಫರ್ ಒಳಗೆ ಬಂದರೆ ಪೂರ್ತಿ ಹಣ ಇಷ್ಟು ದಿನದೊಳಗೆ ವಾಪಸ್. ಮಾರುವವರು ಸಹಿ ಹಾಕಿದರೆ ಆಗ ಕೂತು ಚದರಡಿ ದರ ಮಾತಾಡಿ. ಹಾಕಲ್ಲ ಅಂದರೆ ಬೇರೆ ಸೈಟು ನೋಡಿ.