ಜೋಡಿ ನಳಿಗೆ ಕೋವಿಯಲ್ಲಿ ಒಮ್ಮೊಮ್ಮೆ ಈಡು ಹಾರುವುದಿಲ್ಲ, ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ. ಏನು ಮಾಡಬೇಕು?

ತಾತನ ಕಾಲದ 12 ಬೋರ್ ಲೈಸೆನ್ಸ್ ಕೋವಿ, ಮಳವಳ್ಳಿ ಹತ್ತಿರದ ಕಬ್ಬಿನ ಗದ್ದೆ ಮನೆ, ಎಡ ನಳಿಗೆಯದೇ ತೊಂದರೆ, ಹಚ್ಚುವುದು ಕೊಬ್ಬರಿ ಎಣ್ಣೆ ಎಂದು ಬರೆದಿದ್ದೀರಿ. ನನ್ನ ಮೊದಲ ಅನುಮಾನ ಆ ಎಣ್ಣೆಯ ಮೇಲೇ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ರಾತ್ರಿಗಳು ಅದಕ್ಕಿಂತ ತಂಪು. ಅಡುಗೆ ಎಣ್ಣೆ ಯಾವುದಾದರೂ ಹಳತಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಅದರಲ್ಲಿ ಫೈರಿಂಗ್ ಪಿನ್ (ತೋಟಾಕ್ಕೆ ಪೆಟ್ಟು ಕೊಡುವ ಮೊಳೆ) ನಿಧಾನವಾದರೆ ಕೇಪಿಗೆ, ಅಂದರೆ ತೋಟಾದ ಹಿಂಬದಿಯ ನಡುವಿನ ಕಿಡಿ ಹೊತ್ತಿಸುವ ಬಟ್ಟಲಿಗೆ, ಪೆಟ್ಟು ಸಾಲದು.

ಹಾರದ ತೋಟಾದ ಕೇಪನ್ನು ಬಲ ನಳಿಗೆಯಲ್ಲಿ ಹಾರಿದ ತೋಟಾದ ಜೊತೆ ಇಟ್ಟು ನೋಡಿ. ಗುಳಿ ಅಷ್ಟೇ ಆಳವಿದ್ದರೆ ತೋಟಾ ಥಂಡಿ ಹಿಡಿದಿರಬಹುದು. ಗುಳಿ ತೆಳುವಾಗಿದ್ದರೆ ಎಣ್ಣೆಯ ಅಂಟು, ಸವೆದ ಪಿನ್, ಇಲ್ಲವೇ ಸೋತ ಸ್ಪ್ರಿಂಗ್. ಒಂದು ಎಚ್ಚರಿಕೆ: ಟಕ್ ಎಂದು ಸುಮ್ಮನಾದ ತಕ್ಷಣ ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆಯಬೇಡಿ. ತಡವಾಗಿ ಸಿಡಿಯುವುದುಂಟು. ನಳಿಗೆಯ ಬಾಯನ್ನು ಜನರಿಲ್ಲದ ಕಡೆಗೇ ಹಿಡಿದು, ಕನಿಷ್ಠ 30 ಸೆಕೆಂಡು ಕಾದು, ಮುಖ ಪಕ್ಕಕ್ಕೆ ಸರಿಸಿ ತೆಗೆಯಿರಿ.

ಶುಚಿ ಮಾಡುವ ಮುನ್ನ ಎರಡೂ ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ನಳಿಗೆ ಕಳಚಿ, ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ 12 ಬೋರಿನ ಹಿತ್ತಾಳೆ ಬ್ರಷ್ಷಿಗೆ ಸಾಲ್ವೆಂಟ್ ಹಾಕಿ ಎಳೆಯಿರಿ. ಸೀಸದ ಗೆರೆ ಹೆಚ್ಚು ಕೂರುವುದು ಚೇಂಬರ್ ಮುಂದಿನ ಇಳಿಜಾರಿನಲ್ಲಿ ಮತ್ತು ಬಾಯಿಯ ಹತ್ತಿರ. ಸೀಮೆಎಣ್ಣೆಯೂ ಕೊಳೆ ಬಿಡಿಸುತ್ತದೆ, ಆದರೆ ತುಕ್ಕಿಗೆ ತಡೆಯಾಗದು, ಒರೆಸಿ ತೆಗೆಯಲೇಬೇಕು. ಚೇಂಬರಿಗೆ ಉಪ್ಪುಕಾಗದ ಬೇಡವೇ ಬೇಡ, ಗೀರು ಬಿದ್ದರೆ ಖಾಲಿ ತೋಟಾ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ತೋಟಾ ಎತ್ತುವ ಎಕ್ಸ್‌ಟ್ರಾಕ್ಟರ್ ಕೆಳಗಿನ ಕಸವನ್ನು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ತೆಗೆಯಿರಿ.

ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಬಟ್ಟೆಗೆ ಮೂರು ನಾಲ್ಕು ಹನಿ, ಅಷ್ಟೇ. ಕೀಲಿಗೆ ಅಕ್ಕಿಕಾಳಿನಷ್ಟು ಗ್ರೀಸ್. ಪಿನ್ನಿನ ತೂತಿಗೆ ಎಣ್ಣೆ ಸುರಿಯಬೇಡಿ. ಖಾಲಿ ಕೋವಿಯ ಟ್ರಿಗರ್ ಸುಮ್ಮನೆ ಎಳೆದರೆ ಹಳೇ ಪಿನ್ ಮುರಿಯಬಹುದು, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿಯೇ ಎಳೆಯಿರಿ.

ಒಂದು ರಾತ್ರಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರದ ಹಿಡಿಗೆ ಇಳಿಯದು. ಎಣ್ಣೆ ಕುಡಿದ ಮರ ಮೆತ್ತಗಾಗಿ ಸೀಳುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ತೇವ ಹೀರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಒರೆಸಿ. ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಡುವಾಗ ಎಣ್ಣೆ ದಪ್ಪಗೇ ಹಚ್ಚಿ, ವಾಪಸು ತಂದ ದಿನವೇ ಒರೆಸಿ, ನಳಿಗೆಯೊಳಗೆ ಬೆಳಕು ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದ್ದರೆ ಈಡಿಗೆ ನಳಿಗೆಯೇ ಒಡೆಯುತ್ತದೆ.

ಇಷ್ಟಾದರೂ ತೋಟಾ ಸಿಕ್ಕಿಕೊಂಡರೆ ಚೇಂಬರ್ ಉದ್ದ ನೋಡಿ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ 65 ಮಿ.ಮೀ.; ನಳಿಗೆಯ ಅಡಿಯಲ್ಲಿ ಎರಡೂವರೆ ಇಂಚು ಎಂದು ಗುರುತಿರಬಹುದು. 70 ಮಿ.ಮೀ. ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಹಾರಿದಾಗ ತೋಟಾದ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಗುರುತು ಕಾಣದಿದ್ದರೆ, ಅಥವಾ ಮುಚ್ಚಿದ ಕೋವಿಯ ಕೀಲು ಅಲುಗಾಡಿದರೆ, ಹಾರಿಸದೆ ಲೈಸೆನ್ಸ್ ಇರುವ ಗನ್ ರಿಪೇರಿಯವರಿಗೇ ಒಯ್ಯಿರಿ. ಲೈಸೆನ್ಸ್ ಇಲ್ಲದವರು ರಿಪೇರಿ ಮಾಡುವುದು 1959ರ ಆಯುಧ ಕಾಯ್ದೆಯಡಿ ಅಪರಾಧ. ಹೋಗುವಾಗ ಆ ಹಾರದ ಕೇಪುಗಳ ಗುಳಿಯ ಫೋಟೊ ತೋರಿಸಿ, ಪಿನ್ನೋ ಸ್ಪ್ರಿಂಗೋ ಎಂದು ಹುಡುಕಲು ಅವರಿಗೆ ಸುಲಭ.