ಫ್ರೆಂಚ್ ಚಿತ್ರಕಾರ ಫೆರ್ನಾಂ ಲೆಜೆಯ ‘ಸಿರ್ಕ್’ (ಸರ್ಕಸ್) ಪುಸ್ತಕದ ಬಣ್ಣದ ಲಿಥೋಗ್ರಾಫ್ (ಕಲ್ಲಚ್ಚು) ಹಾಳೆ ಅಸಲಿಯೇ ಎಂದು ತಿಳಿಯುವುದು ಹೇಗೆ?

ಸಹಿ ನೋಡಿ ಮರುಳಾಗಬೇಡಿ. ‘ಸಿರ್ಕ್’ 1950ರಲ್ಲಿ ಪ್ಯಾರಿಸ್‌ನ ಪ್ರಕಾಶಕ ತೇರಿಯಾದ್ ಹೊರತಂದ, ಮುರ್ಲೋ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ. 280 ಪ್ರತಿ, ಜೊತೆಗೆ ಮಾರಾಟಕ್ಕಲ್ಲದ 20. ಲೆಜೆ ಸಹಿ ಹಾಕಿದ್ದು ಪ್ರತಿಯ ಸಂಖ್ಯೆ ಬರೆದ ಪುಟಕ್ಕೆ. ಹಾಗಾಗಿ ಪುಸ್ತಕದಿಂದ ಬೇರ್ಪಟ್ಟ ಬಿಡಿ ಹಾಳೆಯಲ್ಲಿ ಪೆನ್ಸಿಲ್ ಸಹಿ ಕಂಡರೆ ಅನುಮಾನ ಹೆಚ್ಚಬೇಕು.

ಆಮೇಲೆ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ಬಣ್ಣದೊಳಗೆ ಸಾಲುಸಾಲಾಗಿ ಚುಕ್ಕಿ ಕಂಡರೆ ಅದು ಫೋಟೊ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ ಆಫ್‌ಸೆಟ್ ಮರುಮುದ್ರಣ, ಮಾತು ಮುಗಿಯಿತು. ಅಸಲಿಯಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಅಚ್ಚು. ಕೆಂಪು, ಹಳದಿ ಒಂದೇ ಹರವಾಗಿ ಕೂತಿರುತ್ತವೆ, ಕಪ್ಪು ಗೆರೆಯ ಪಕ್ಕ ಕೂದಲೆಳೆಯಷ್ಟು ಬಿಳಿ ಸಂದು ಉಳಿದಿರಬಹುದು. ಅಚ್ಚುಗಳು ಕೊಂಚ ಸರಿದುದರ ಗುರುತು ಅದು, ದೋಷವಲ್ಲ. ಆದರೆ ಚುಕ್ಕಿ ಇಲ್ಲವೆಂದ ಮಾತ್ರಕ್ಕೆ ಅಸಲಿ ಅನ್ನಲಾಗದು: ಕೊಲೋಟೈಪ್ (ಜೆಲಟಿನ್ ಲೇಪಿಸಿದ ಫಲಕದಿಂದ ಚಿತ್ರದ ನಕಲು ತೆಗೆಯುವ ವಿಧಾನ) ಪ್ರತಿಗಳಲ್ಲೂ ಅಂಥ ಚುಕ್ಕಿ ಇರುವುದಿಲ್ಲ. ದುಬಾರಿ ಹಾಳೆಯಾದರೆ ಗ್ರಂಥಾಲಯದಲ್ಲಿರುವ ಪೂರ್ಣ ಪ್ರತಿಯೊಂದಿಗೆ ಅಳತೆ, ಕಾಗದ ಹೋಲಿಸಿ.

ಚೌಕಟ್ಟು ಬಿಚ್ಚಿಸದೆ ಕೊಳ್ಳಲೇಬೇಡಿ. ಕತ್ತರಿಸಿದ ಅಂಚು, ಹಿಂದೆ ಅಂಟಿಸಿದ ರಟ್ಟು, ಬಿಸಿಲಿಗೆ ಕಂದಿದ ಕಾಗದ ಎಲ್ಲವೂ ಒಳಗೇ ಅಡಗಿರುತ್ತವೆ. ಮೌಂಟ್‌ನಡಿ (ಚಿತ್ರದ ಸುತ್ತ ಕೂರಿಸುವ ರಟ್ಟಿನಡಿ) ಮುಚ್ಚಿದ್ದ ಅಂಚು ನಡುಭಾಗಕ್ಕಿಂತ ಬೆಳ್ಳಗಿದ್ದರೆ ಬೆಲೆ ಇಳಿಸಿ ಕೇಳಿ.