ಸವಾನಾದಲ್ಲಿ ಎರಡು ದಿನ

ಪ್ರಶ್ನೆ: ಮಗ ಅಮೆರಿಕದ ಅಟ್ಲಾಂಟಾದಲ್ಲಿದ್ದಾನೆ. ಎರಡು ದಿನ ಅದೇ ರಾಜ್ಯದ ಸವಾನಾ ಊರು ತೋರಿಸ್ತೀನಿ ಅಂತಾನೆ. ನನಗೆ ಮಂಡಿನೋವು, ಹೋಗಬಹುದಾ?
(ಓದುಗರೊಬ್ಬರು, ಹಾಸನ)

ಉತ್ತರ: ಖಂಡಿತ ಹೋಗಿಬನ್ನಿ ಅಮ್ಮಾ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಈ ಊರು ಕಟ್ಟಿಸುವಾಗಲೇ ನಡುನಡುವೆ ಚೌಕಗಳಿಗೆ ಜಾಗ ಬಿಟ್ಟಿದ್ದರು. ಈಗಲೂ 22 ಉಳಿದಿವೆ. ಸ್ವಲ್ಪ ನಡೆದರೆ ಇನ್ನೊಂದು ಚೌಕ, ನೆರಳು, ಕೂರಲು ಬೆಂಚು. ಓಕ್ ಮರಗಳಿಂದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್ ಅನ್ನೋ ಸಸ್ಯ ಜಡೆಗಳ ಹಾಗೆ ಇಳಿಬಿದ್ದಿರುತ್ತದೆ, ಸುಮ್ನೆ ಕೂತು ಅದನ್ನೇ ನೋಡುತ್ತಿದ್ದರೂ ಸಾಕು. ಫಾರ್ಸಿತ್ ಪಾರ್ಕಿನ 1858ರ ಕಾರಂಜಿ ಬಿಡಬೇಡಿ. ಗುಲಾಮರಾಗಿದ್ದವರು ತಮ್ಮ ಕೈಯಾರೆ ಕಟ್ಟಿದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚನ್ನೂ ನೋಡಲೇಬೇಕು, ಈ ಊರಿನ ಚೆಂದದ ಹಿಂದೆ ಅವರ ಬೆವರೂ ಇದೆ ಅಲ್ವಾ? ನದಿ ದಂಡೆಯ ರಿವರ್ ಸ್ಟ್ರೀಟಿನಲ್ಲಿ ಮಾತ್ರ ಮಗನ ಕೈ ಹಿಡಿದೇ ನಡೆಯಿರಿ, ಕಲ್ಲುಹಾಸು ತುಂಬಾ ಏರುಪೇರು. ಬೇಸಿಗೆಯಲ್ಲಿ ಸೆಕೆ ಜಾಸ್ತಿ, ಮಾರ್ಚ್‌ನಲ್ಲಿ ಹೋಗಿ.